ತಲೆಗೆ ಬಿಸಿನೀರು ಸುರಿದುಕೊಂಡರೆ ಫಿಟ್ಸ್ ಬರುತ್ತದೆಯೇ? ಸತ್ಯಾಂಶವೇನು?

ಸ್ನಾನ ಮಾಡುವಾಗ ಮೊದಲು ತಲೆಗೆ ನೀರು ಹಾಕಿದರೆ ಪಾರ್ಶ್ವವಾಯು ಹೊಡೆಯುತ್ತದೆ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುತ್ತಿರುತ್ತದೆ. ಅದಕ್ಕೆ ಗಟ್ಟಿಯಾದ ವೈಜ್ಞಾನಿಕ ಆಧಾರವಿಲ್ಲ. ಆದರೆ ಬಿಸಿನೀರಿಗೂ ಮೆದುಳಿಗೂ ನಂಟಿರುವ ನಿಜವಾದ ಕಾಯಿಲೆಯೊಂದಿದೆ. ಅದು ನಮ್ಮ ಕರ್ನಾಟಕದಲ್ಲೇ ಹೆಚ್ಚಾಗಿ ಕಂಡುಬಂದಿದೆ.

ಅದರ ಹೆಸರು ಬಿಸಿನೀರಿನ ಅಪಸ್ಮಾರ. 1945ರಲ್ಲಿ ನ್ಯೂಜಿಲೆಂಡ್‌ನಲ್ಲಿ ಮೊದಲ ಪ್ರಕರಣ ವರದಿಯಾಯಿತು. ನಮ್ಮಲ್ಲಿ ಡಾ. ಕೆ.ಎಸ್. ಮಣಿ ಇದನ್ನು ಗುರುತಿಸಿದರು. 1988ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ಅಧ್ಯಯನ ಪ್ರಕಟಿಸಿದರು.

ಇಲ್ಲೇಕೆ ಹೆಚ್ಚು? ನಮ್ಮ ಸ್ನಾನದ ಪದ್ಧತಿಯೂ ಒಂದು ಕಾರಣವಿರಬಹುದು. ಕುಕ್ಕುವಾಡವಿರಲಿ, ಮೈಸೂರಿರಲಿ, ಹಂಡೆಯಲ್ಲಿ ಚೆನ್ನಾಗಿ ಕಾದ ನೀರನ್ನು ಚೊಂಬಿನಿಂದ ಬಿಡುವಿಲ್ಲದೆ ತಲೆಗೆ ಸುರಿದುಕೊಳ್ಳುವುದು ನಮ್ಮ ರೂಢಿ. ಆ ನೀರು ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಆದರೂ ಕೋಟ್ಯಂತರ ಜನರಿಗೆ ಏನೂ ಆಗುವುದಿಲ್ಲ. ಕೆಲವರ ಮೆದುಳು ಮಾತ್ರ ಈ ದಿಢೀರ್ ಬಿಸಿಯನ್ನು ತಾಳುವುದಿಲ್ಲ. ಕೆಲವು ಕುಟುಂಬಗಳಲ್ಲಿ ಹಲವರಿಗೆ ಇದು ಕಂಡುಬಂದಿರುವುದರಿಂದ ಅನುವಂಶೀಯತೆಯ ಪಾತ್ರವೂ ಇದೆ ಎನ್ನಲಾಗಿದೆ.

ಒಂದು ವಿಚಿತ್ರವೂ ಇದೆ. ಕೆಲವರಿಗೆ ಆ ಹೊತ್ತಿನಲ್ಲಿ ಒಂದು ಬಗೆಯ ಹಿತ ಅನ್ನಿಸುತ್ತದೆ. ಬೇಡವೆಂದರೂ ಪ್ರಜ್ಞೆ ತಪ್ಪುವವರೆಗೆ ನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ. ಮನೆಯವರು ಇದನ್ನು ಹಟವೆಂದೋ ದೆವ್ವದ ಕಾಟವೆಂದೋ ತಿಳಿಯಬಾರದು. ಇದು ಕಾಯಿಲೆಯ ಲಕ್ಷಣ.

ಸ್ನಾನದ ವೇಳೆ ಯಾರಾದರೂ ಮಂಕಾದರೆ, ತೊದಲಿದರೆ, ಒಂದೇ ಕಡೆ ದಿಟ್ಟಿಸಿದರೆ ನೀರು ಹಾಕುವುದನ್ನು ತಕ್ಷಣ ನಿಲ್ಲಿಸಿ. ಫಿಟ್ಸ್ ಬಂದರೆ ಬಿಸಿನೀರಿನಿಂದ ದೂರ ಸರಿಸಿ, ಪಕ್ಕಕ್ಕೆ ಮಲಗಿಸಿ. ಕೈಗೆ ಕಬ್ಬಿಣ ಕೊಡುವುದರಿಂದ, ಚಪ್ಪಲಿ ಮೂಸಿಸುವುದರಿಂದ ಪ್ರಯೋಜನವಿಲ್ಲ. ಬಾಯಿಗೆ ನೀರು, ಚಮಚ ಏನನ್ನೂ ಹಾಕಬೇಡಿ. 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.

ಇದಕ್ಕೆ ಚಿಕಿತ್ಸೆ ಇದೆ. ತಲೆಗೆ ಉಗುರುಬೆಚ್ಚಗಿನ ನೀರನ್ನಷ್ಟೇ ಬಳಸಿದರೆ ಅನೇಕರಿಗೆ ಫಿಟ್ಸ್ ಬರುವುದು ನಿಲ್ಲುತ್ತದೆ. ಕೆಲವರಿಗೆ ತಲೆಸ್ನಾನಕ್ಕೆ ಮುಂಚೆ ನುಂಗುವ ಮಾತ್ರೆಯನ್ನು ವೈದ್ಯರು ಕೊಡುತ್ತಾರೆ. ಇನ್ನು ಕೆಲವರಿಗೆ ಮುಂದೆ ಸ್ನಾನವಿಲ್ಲದ ಹೊತ್ತಿನಲ್ಲೂ ಫಿಟ್ಸ್ ಬರಬಹುದು. ಆದ್ದರಿಂದ ಒಮ್ಮೆ ಬಂದಿದ್ದರೂ ನರರೋಗ ತಜ್ಞರನ್ನು ಕಾಣಿ. ಅಲ್ಲಿಯವರೆಗೆ ಬಚ್ಚಲಿನ ಚಿಲಕ ಹಾಕದೆ ಸ್ನಾನ ಮಾಡಿ.