ಪುಟ್ಟೇನಹಳ್ಳಿಯಲ್ಲಿ ಸಮುದ್ರವಿಲ್ಲ ಎಂದು ಯಂತ್ರಕ್ಕೆ ಗೊತ್ತು

ಬೆಂಗಳೂರಿನ ಪುಟ್ಟೇನಹಳ್ಳಿಯ ಪಿಯುಸಿ ಹುಡುಗಿಯೊಬ್ಬಳು ಪತ್ರ ಬರೆದಿದ್ದಾಳೆ. ಅವಳಿಗೆ ಸಮುದ್ರ ವಿಜ್ಞಾನ ಓದುವ ಆಸೆ. ಮನೆಯವರು ನಕ್ಕುಬಿಟ್ಟರಂತೆ: ‘ಜೆ.ಪಿ. ನಗರದಲ್ಲಿ ಕೂತು ಯಾವ ಸಮುದ್ರ ನೋಡ್ತೀಯೇ?’ ಇದು ಮಂಗಳೂರಿನವರಿಗೋ ಕಾರವಾರದವರಿಗೋ ಮಾತ್ರ ದಕ್ಕುವ ವಿದ್ಯೆಯೇ ಎಂದು ಕೇಳಿದ್ದಾಳೆ.

ಖಂಡಿತ ಅಲ್ಲ. ಕಡಲಿನಿಂದ ಸುಮಾರು 300 ಕಿಲೋಮೀಟರ್ ದೂರದ, 900 ಮೀಟರ್ ಎತ್ತರದ ಈ ಊರಿನಲ್ಲಿ ಕೂತೇ ಸಮುದ್ರದ ದೊಡ್ಡ ಗುಟ್ಟುಗಳನ್ನು ಬಿಡಿಸಿದವರಿದ್ದಾರೆ. ಸಮುದ್ರದ ಮೇಲ್ಮೈ ಸುಮಾರು 28 ಡಿಗ್ರಿ ಸೆಲ್ಸಿಯಸ್ ದಾಟಿದ ಕಡೆ ಮುಂಗಾರಿನ ದೊಡ್ಡ ಮೋಡಗಳು ದಂಡುಕಟ್ಟುವ ಸಂಭವ ಒಮ್ಮೆಲೇ ಏರುತ್ತದೆ ಎಂದು 1984ರಲ್ಲಿ ತೋರಿಸಿಕೊಟ್ಟವರು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು. ಅವರ ಕೈಯಲ್ಲಿದ್ದದ್ದು ಬೇರೆಯವರು ಅಳೆದಿಟ್ಟ ಅಂಕಿಗಳು. ಇವತ್ತು ಅಂಥ ಅಂಕಿಗಳು ಅವರ ಕಾಲಕ್ಕಿಂತ ಎಷ್ಟೋ ಪಟ್ಟು ಹೆಚ್ಚಿವೆ. ಅದಕ್ಕೆ ಕಾರಣವಾದ ಯಂತ್ರದ ಬಗ್ಗೆ ಬರೆಯಲು ಈ ಹುಡುಗಿ ನನಗೊಂದು ನೆಪ ಕೊಟ್ಟಿದ್ದಾಳೆ.

ಯಂತ್ರದ ಹೆಸರು ಆರ್ಗೋ ಫ್ಲೋಟ್. ಆಳೆತ್ತರದ, ಸಪೂರವಾದ ಹಳದಿ ಕೊಳವೆ, ತುದಿಯಲ್ಲೊಂದು ಆಂಟೆನಾ. ಇದಕ್ಕೆ ಎಂಜಿನ್ ಇಲ್ಲ, ಪ್ರೊಪೆಲ್ಲರ್ ಇಲ್ಲ. ಹೊಟ್ಟೆಯಲ್ಲಿರುವ ಒಂದಿಷ್ಟು ಎಣ್ಣೆಯನ್ನು ಹೊರಗಿನ ರಬ್ಬರ್ ಚೀಲಕ್ಕೆ ತಳ್ಳಿದರೆ ಗಾತ್ರ ಹಿಗ್ಗಿ ಮೇಲೇಳುತ್ತದೆ, ಒಳಗೆ ಎಳೆದುಕೊಂಡರೆ ಮುಳುಗುತ್ತದೆ. 1000 ಮೀಟರ್ ಆಳದಲ್ಲಿ ಹರಿವಿನ ಜೊತೆ ಒಂಬತ್ತು ದಿನ ಸಾಗಿ, 2000 ಮೀಟರಿಗೆ ಇಳಿದು, ಅಲ್ಲಿಂದ ಮೇಲೆ ಬರುವ ದಾರಿಯುದ್ದಕ್ಕೂ ಒತ್ತಡ, ತಾಪ ಮತ್ತು ಉಪ್ಪಿನಂಶ ಅಳೆಯುತ್ತ ಬಂದು, ಉಪಗ್ರಹಕ್ಕೆ ಸುದ್ದಿ ಮುಟ್ಟಿಸಿ ಮತ್ತೆ ಮುಳುಗುತ್ತದೆ. ಹೀಗೆ ಹತ್ತು ದಿನಕ್ಕೊಂದು ಸುತ್ತು, ಬ್ಯಾಟರಿ ಇರುವವರೆಗೆ ನಾಲ್ಕೈದು ವರ್ಷ. ಜಗತ್ತಿನ ಸಮುದ್ರಗಳಲ್ಲಿ ಇಂಥವು ಸುಮಾರು 4000 ಇವೆ. ಹಿಂದೂ ಮಹಾಸಾಗರದಲ್ಲಿ ನಮ್ಮ ದೇಶ ಬಿಟ್ಟ ಫ್ಲೋಟುಗಳೂ ಇವೆ. ಅವುಗಳ ಲೆಕ್ಕ ನೋಡಿಕೊಳ್ಳುವುದು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ.

ನನ್ನನ್ನು ಹಿಡಿದು ಕೂರಿಸುವುದು ಕೊಳವೆಗಿಂತ ಅದು ಕಳಿಸುವ ಅಂಕಿಗೆ ಆಮೇಲೆ ಆಗುವ ತಪಾಸಣೆ. ಭಾರತದ್ದಿರಲಿ, ಜಪಾನಿನದಿರಲಿ, ಫ್ರಾನ್ಸಿನದಿರಲಿ, ಪ್ರತಿ ಫ್ಲೋಟಿನ ಅಂಕಿಯೂ ಒಂದೇ ನಮೂನೆಯ ಕಡತಕ್ಕೆ ಇಳಿಯಬೇಕು. ಯಾವ ಕಾಲಮ್ಮಿಗೆ ಯಾವ ಹೆಸರು, ತಾಪ ಯಾವ ಮಾನದಲ್ಲಿ, ಒತ್ತಡ ಯಾವ ಮಾನದಲ್ಲಿ, ದಿನಾಂಕ ಹೇಗೆ ಬರೆಯಬೇಕು, ಎಲ್ಲಕ್ಕೂ ಕಟ್ಟಳೆ ಇದೆ. ಆಮೇಲೆ ಕಂಪ್ಯೂಟರು ಸಾಲಾಗಿ ಪ್ರಶ್ನೆ ಕೇಳುತ್ತದೆ. ಈ ದಿನಾಂಕ ಇರಲು ಸಾಧ್ಯವೇ? ಈ ಜಾಗ ಭೂಮಿಯ ಮೇಲಿದೆಯೇ? ಇದ್ದರೆ, ಅದು ನೀರೋ ನೆಲವೋ? ಹಿಂದಿನ ಸಲ ಕಂಡ ಜಾಗದಿಂದ ಇಲ್ಲಿಗೆ ಬರಲು ಸೆಕೆಂಡಿಗೆ 3 ಮೀಟರಿಗಿಂತ ವೇಗವಾಗಿ ಓಡಬೇಕಿತ್ತೇ? ಹಾಗಿದ್ದರೆ ಜಾಗವೋ ಸಮಯವೋ ತಪ್ಪಾಗಿ ದಾಖಲಾಗಿರಬೇಕು, ಇಲ್ಲವೇ ಫ್ಲೋಟು ಯಾವುದೋ ದೋಣಿಯ ಮೇಲೆ ಸವಾರಿ ಹೊರಟಿರಬೇಕು!

ನೀರೋ ನೆಲವೋ ಎಂಬ ಪರೀಕ್ಷೆಯನ್ನು ನಮ್ಮೂರಿನ ಮೇಲೇ ಇಟ್ಟು ನೋಡೋಣ. ಪುಟ್ಟೇನಹಳ್ಳಿ ಕೆರೆ ಇರುವುದು ಸುಮಾರು 12.89 ಡಿಗ್ರಿ ಉತ್ತರ ಅಕ್ಷಾಂಶ, 77.58 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಅದೇ ಅಕ್ಷಾಂಶ ಹಿಡಿದು ನೇರ ಪಶ್ಚಿಮಕ್ಕೆ ಹೋದರೆ ಮಂಗಳೂರಿನ ಕಡಲು ಸಿಗುತ್ತದೆ. ಯಾವುದಾದರೂ ಫ್ಲೋಟು ‘ನಾನು 12.89, 77.58ರಲ್ಲಿದ್ದೇನೆ’ ಎಂದರೆ ಕಂಪ್ಯೂಟರು ನಕ್ಷೆ ನೋಡಿ, ಅಲ್ಲಿ ಸಮುದ್ರವಿಲ್ಲ ಎಂದು ಆ ಸ್ಥಾನದ ಮುಂದೆ ‘ಕೆಟ್ಟದ್ದು’ ಎಂಬರ್ಥದ 4 ಎಂಬ ಅಂಕಿ ಒತ್ತುತ್ತದೆ. ಕೆರೆ ಇದೆಯಲ್ಲ ಎಂದು ವಾದಿಸುವಂತಿಲ್ಲ; ಆ ನಕ್ಷೆಗೆ ಅಷ್ಟು ಸಣ್ಣ ಕೆರೆ ಕಾಣುವುದಿಲ್ಲ.

ಈಗ ಎರಡು ಅಂಕಿಗಳ ಜಾಗ ಅದಲುಬದಲಾಯಿತು ಎಂದುಕೊಳ್ಳಿ. ದಿನಕ್ಕೆ ನೂರಾರು ಸಾಲು ತುಂಬುವವರಿಗೆ ಇದು ತೀರಾ ಸಹಜವಾದ ತಪ್ಪು. 77.58 ಉತ್ತರ, 12.89 ಪೂರ್ವ. ಅಟ್ಲಾಸಿನಲ್ಲಿ ಬೆರಳಿಟ್ಟು ನೋಡಿ: ಉತ್ತರ ಧ್ರುವದ ಹತ್ತಿರ ಸ್ವಾಲ್ಬಾರ್ಡ್ ದ್ವೀಪಗಳ ಪಶ್ಚಿಮ ಅಂಚಿನ ತಣ್ಣನೆಯ ಕಡಲು! ಅಲ್ಲಿಂದ ಸುಮಾರು 150 ಕಿಲೋಮೀಟರ್ ಉತ್ತರಕ್ಕೆ, 2008ರಲ್ಲಿ ಶುರುವಾದ ಭಾರತದ ಸಂಶೋಧನಾ ಠಾಣೆ ಹಿಮಾದ್ರಿ ಇದೆ. ಅಂದರೆ ಅಂಕಿ ತಿರುಗಿಸಿ ಬರೆದ ಪುಟ್ಟೇನಹಳ್ಳಿ ‘ನೀರೋ ನೆಲವೋ’ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ಒಂದೇ ಪರೀಕ್ಷೆ ಸಾಲದು ಎಂಬುದಕ್ಕೂ, ಅಂಕಿಯ ಪಕ್ಕದಲ್ಲೇ ‘ಉತ್ತರಕ್ಕೆ ಇಷ್ಟು ಡಿಗ್ರಿ’, ‘ಪೂರ್ವಕ್ಕೆ ಇಷ್ಟು ಡಿಗ್ರಿ’ ಎಂದು ಕಡತದೊಳಗೇ ಬರೆದಿರಬೇಕು ಎಂಬ ಹಟಕ್ಕೂ ಕಾರಣ ಇದೇ. ಒಂಟಿ ಅಂಕಿಗೆ ಬೆಲೆಯಿಲ್ಲ. 28 ಎಂದರೆ ತಾಪವೋ ಉಪ್ಪೋ, ಅಳತೆಯೇ ಸಿಗದ ಕಡೆ ತುಂಬುವ 99999 ಎಂದರೇನು, ಇದೆಲ್ಲ ಗೊತ್ತಿಲ್ಲದೆ ಸರಾಸರಿ ತೆಗೆದವನ ಲೆಕ್ಕದಲ್ಲಿ ಬಂಗಾಳ ಕೊಲ್ಲಿ ಕುದಿಯುತ್ತಿರುತ್ತದೆ.

ಮುಂದಿನ ಪರೀಕ್ಷೆ ಮಿತಿಯದು. ತಾಪ ಮೈನಸ್ 2.5ರಿಂದ 40 ಡಿಗ್ರಿಯೊಳಗೆ ಇರಬೇಕು. ಉಪ್ಪಿನ ಅಂಕಿ 2ರಿಂದ 41ರೊಳಗೆ. ಉಪ್ಪಿಗೆ ಹಾಕಿದ ಆ ಕೆಳಗಿನ ಗೆರೆ ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ತೆರೆದ ಸಾಗರದಲ್ಲಿ ಉಪ್ಪು ಸಾಮಾನ್ಯವಾಗಿ 35ರ ಆಸುಪಾಸು, ಅಂದರೆ ಒಂದು ಕಿಲೋ ನೀರಿಗೆ ಸುಮಾರು 35 ಗ್ರಾಂ. ಅಟ್ಲಾಂಟಿಕ್ ಒಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಯಾರಾದರೂ ಕಟ್ಟಳೆ ಮಾಡಿದ್ದರೆ 30ಕ್ಕಿಂತ ಕೆಳಗಿನದನ್ನೆಲ್ಲ ತಪ್ಪೆಂದು ಹೊಡೆದುಹಾಕುತ್ತಿದ್ದರು. ಆಗ ನಮ್ಮ ಬಂಗಾಳ ಕೊಲ್ಲಿಯ ಉತ್ತರ ಭಾಗವೇ ಕಡತದಿಂದ ಮಾಯವಾಗುತ್ತಿತ್ತು. ಗಂಗಾ, ಬ್ರಹ್ಮಪುತ್ರಾ, ಮಹಾನದಿಗಳ ನೀರು ಮತ್ತು ಮಳೆ ಸೇರಿ, ಮುಂಗಾರು ಮುಗಿಯುವ ಹೊತ್ತಿಗೆ ಅಲ್ಲಿ ಮೇಲಿನ ನೀರಿನ ಉಪ್ಪು 30ಕ್ಕಿಂತ ಎಷ್ಟೋ ಕೆಳಗಿಳಿಯುತ್ತದೆ. ಉಪ್ಪು ಕಡಿಮೆಯಾದ ನೀರು ಹಗುರ. ಅದು ಮೇಲೆಯೇ ಹರಡಿ ಕೂರುತ್ತದೆ, ಕೆಳಗಿನ ತಣ್ಣೀರಿನೊಂದಿಗೆ ಸುಲಭಕ್ಕೆ ಬೆರೆಯುವುದಿಲ್ಲ. ಹಾಗಾಗಿ ಮೇಲ್ಮೈ ಬಿಸಿಯಾಗಿಯೇ ಉಳಿದು ಚಂಡಮಾರುತಗಳಿಗೆ ಮೇವಾಗುತ್ತದೆ. ನವೆಂಬರಿನಲ್ಲಿ ಅರಕೆರೆ, ಬಿಟಿಎಂ ರಸ್ತೆಗಳಲ್ಲಿ ನೀರು ನಿಲ್ಲಿಸುವ ಜಡಿಮಳೆ ಹೆಚ್ಚಾಗಿ ಬರುವುದು ಆ ಕೊಲ್ಲಿಯ ವಾಯುಭಾರ ಕುಸಿತಗಳಿಂದಲೇ.

2016ರ ಜೂನ್‌-ಜುಲೈನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ಎನ್. ವಿನಯಚಂದ್ರನ್ ಅವರ ತಂಡ ಬ್ರಿಟನ್ನಿನ ವಿಜ್ಞಾನಿಗಳೊಂದಿಗೆ ‘ಸಿಂಧು ಸಾಧನಾ’ ನೌಕೆಯಲ್ಲಿ ಕೊಲ್ಲಿಯ ದಕ್ಷಿಣ ಭಾಗಕ್ಕೆ ಹೋಗಿತ್ತು. ಬಾಬಲ್ ಎಂಬುದು ಆ ಯೋಜನೆಯ ಹೆಸರು. ಮುಂಗಾರಿನ ಹೊತ್ತಿಗೆ ಅರಬ್ಬಿ ಸಮುದ್ರದ ಹೆಚ್ಚು ಉಪ್ಪಿನ ನೀರು ಶ್ರೀಲಂಕಾವನ್ನು ಬಳಸಿ ಬಂದು, ಕೊಲ್ಲಿಯ ಹಗುರ ನೀರಿನ ಅಡಿಗೆ ನುಸುಳುವುದನ್ನು ಅವರು ವಿವರವಾಗಿ ಅಳೆದರು. ಹಡಗು ಇದ್ದದ್ದು ಕೆಲವೇ ವಾರ. ಅದರ ಹಿಂದುಮುಂದಿನ ವರ್ಷಗಳ ಕಥೆ ಹೇಳುವುದಕ್ಕೆ ಫ್ಲೋಟುಗಳು ಬೇಕೇ ಬೇಕು. ಹಡಗಿನ ಅಂಕಿ ಮತ್ತು ಫ್ಲೋಟಿನ ಅಂಕಿ ಒಂದೇ ಹಾಳೆಯ ಮೇಲೆ ಕೂರುವುದು ಎರಡಕ್ಕೂ ಮಾನ, ಹೆಸರು, ಗುರುತು ಒಂದೇ ಆಗಿದ್ದರೆ ಮಾತ್ರ.

ಇನ್ನು ಬಹಳ ಜನ ನಂಬಿಕೊಂಡಿರುವ ಒಂದು ಸುಳ್ಳಿನ ವಿಷಯ. ‘ಸಮುದ್ರ ತಣ್ಣಗಾಗುತ್ತಿದೆ ಎಂದು ವಿಜ್ಞಾನಿಗಳೇ ಒಪ್ಪಿದ್ದಾರೆ, ಭೂಮಿ ಬಿಸಿಯಾಗುತ್ತಿರುವುದು ಬರೀ ಬೊಗಳೆ’ ಎಂಬ ಮಾತು ಇಂದಿಗೂ ಮೊಬೈಲುಗಳಲ್ಲಿ ಸುತ್ತುತ್ತಿದೆ. ಅದರ ಬೇರು ಇರುವುದು 2006ರ ಒಂದು ಪ್ರಬಂಧದಲ್ಲಿ. ಅಮೆರಿಕದ ಲೈಮನ್, ವಿಲ್ಲಿಸ್ ಮತ್ತು ಜಾನ್ಸನ್ ಎಂಬ ವಿಜ್ಞಾನಿಗಳು 2003ರಿಂದ 2005ರ ನಡುವೆ ಸಾಗರದ ಮೇಲ್ಪದರ ಶಾಖ ಕಳೆದುಕೊಂಡಿದೆ ಎಂದು ಬರೆದಿದ್ದರು. ಅದೇ ಕಾಲದಲ್ಲಿ ಸಮುದ್ರ ಮಟ್ಟ ಮಾತ್ರ ಏರುತ್ತಲೇ ಇದೆ ಎಂದು ಉಪಗ್ರಹಗಳು ಹೇಳುತ್ತಿದ್ದವು. ಎರಡೂ ಹೇಗೆ ನಿಜವಾದೀತು? ಕಡತಗಳನ್ನು ಮತ್ತೆ ತೆರೆದು ನೋಡಿದಾಗ ಒಂದು ಬಗೆಯ ಕೆಲವು ಫ್ಲೋಟುಗಳಲ್ಲಿ ತಾಪದ ಅಂಕಿ ತಪ್ಪು ಒತ್ತಡದ ಮುಂದೆ ಕೂತಿತ್ತು. ಆಳದ ತಣ್ಣನೆಯ ನೀರಿಗೆ ಮೇಲಿನ ನೀರಿನ ಚೀಟಿ ಅಂಟಿತ್ತು ಎನ್ನಿ. ಹಳೆಯ ಕಾಲದ ಇನ್ನೊಂದು ಉಪಕರಣ ಸ್ವಲ್ಪ ಹೆಚ್ಚಿನ ತಾಪ ತೋರಿಸುತ್ತಿದ್ದುದೂ ಅದಕ್ಕೆ ಸೇರಿತ್ತು. 2007ರಲ್ಲಿ ಅದೇ ವಿಜ್ಞಾನಿಗಳು ತಿದ್ದುಪಡಿ ಪ್ರಕಟಿಸಿದರು. ‘ತಂಪು’ ಹೋಯಿತು.

ತಪ್ಪು ಸಿಕ್ಕಿದ್ದು ಹೇಗೆ ಎಂಬುದನ್ನು ನೋಡಿ. ಆರ್ಗೋ ಕಡತದಲ್ಲಿ ಫ್ಲೋಟು ಕಳಿಸಿದ ಮೂಲ ಅಂಕಿಯನ್ನು ಅಳಿಸುವಂತಿಲ್ಲ. ತಿದ್ದಿದ ಅಂಕಿಗೆ ಬೇರೆ ಕಾಲಂ, ಎರಡರ ಪಕ್ಕದಲ್ಲೂ ಗುಣಮಟ್ಟದ ಒಂದಂಕಿಯ ಗುರುತು: 1 ಎಂದರೆ ಸರಿ, 4 ಎಂದರೆ ಕೆಟ್ಟದ್ದು. ಹಾದಿ ತಪ್ಪಿದ ಸೆನ್ಸರುಗಳ ‘ಬೂದು ಪಟ್ಟಿ’ಯೂ ಎಲ್ಲರ ಕಣ್ಣಿಗೆ ಬಿದ್ದೇ ಇರುತ್ತದೆ. ಗ್ರಹಣದ ದಿನ ಕಡಲು ಉಕ್ಕುತ್ತದೆ, ಸುನಾಮಿ ಬರುತ್ತದೆ ಎಂದು ಟಿವಿಯಲ್ಲಿ ಕೂತು ಹೆದರಿಸುವವರು ತಮ್ಮ ತಪ್ಪಿದ ಭವಿಷ್ಯಗಳ ಪಟ್ಟಿಯನ್ನು ಎಂದಾದರೂ ಹೊರಗಿಟ್ಟಿದ್ದಾರೆಯೇ? ಜನ ಅವರನ್ನು ಇಷ್ಟಾದರೂ ಕೇಳಬೇಕು.

ಕರಾವಳಿಯ ಓದುಗರಿಗೂ ಒಂದು ಮಾತು. ಇಂಥ ಕೊಳವೆ ಬಲೆಗೆ ಸಿಕ್ಕಿದರೆ, ದಡಕ್ಕೆ ಬಂದು ಬಿದ್ದರೆ, ಬಾಂಬು, ಪರದೇಶದ ಗೂಢಚಾರ ಯಂತ್ರ ಎಂದು ಊರೆಲ್ಲ ಸುದ್ದಿ ಹಬ್ಬಿಸಬೇಡಿ. ಬಿಚ್ಚಲೂ ಹೋಗಬೇಡಿ, ಒಳಗೆ ಲಿಥಿಯಂ ಬ್ಯಾಟರಿ ಇರುತ್ತದೆ. ಕರಾವಳಿ ಕಾವಲು ಪೊಲೀಸರಿಗೆ ತಿಳಿಸಿ. ನೀರಿನಲ್ಲಿ ತೇಲುತ್ತಿದ್ದರೆ ಅದರ ಪಾಡಿಗೆ ಬಿಟ್ಟುಬಿಡಿ. ಅದು ಅಳೆಯುವ ಶಾಖದ ಲೆಕ್ಕ ಹವಾಮಾನ ಇಲಾಖೆಯ ಮುನ್ಸೂಚನೆಗಳಿಗೂ ಹೋಗುತ್ತದೆ. ಮಲ್ಪೆಯಿಂದ ಯಾವ ದಿನ ಬೋಟು ಹೊರಡಬಾರದು ಎಂಬ ಎಚ್ಚರಿಕೆಯ ಹಿಂದೆಯೂ ಅದರ ಪಾಲಿದೆ.

ಇನ್ನು ಆ ಹುಡುಗಿಗೆ. ನೋಡಮ್ಮ, ಫ್ರಾನ್ಸಿನ ಬ್ರೆಸ್ಟ್ ಮತ್ತು ಅಮೆರಿಕದ ಮಾಂಟೆರೆಯಲ್ಲಿ ಇಡೀ ಜಗತ್ತಿನ ಆರ್ಗೋ ಕಡತಗಳ ಎರಡು ಭಂಡಾರಗಳಿವೆ. ದುಡ್ಡು ಕೇಳುವುದಿಲ್ಲ, ಶಿಫಾರಸು ಬೇಕಿಲ್ಲ. ಬಂಗಾಳ ಕೊಲ್ಲಿಯ ಉತ್ತರ ಭಾಗದ ಒಂದು ಫ್ಲೋಟು ಆರಿಸಿಕೊ. ಮೇ ತಿಂಗಳ ಒಂದು ಕಡತ, ಅಕ್ಟೋಬರಿನ ಒಂದು ಕಡತ ಇಳಿಸಿಕೊ. ಗುಣಮಟ್ಟದ ಕಾಲಮ್ಮಿನಲ್ಲಿ 1 ಇರುವ ಸಾಲುಗಳನ್ನು ಮಾತ್ರ ಇಟ್ಟುಕೊ. ಒತ್ತಡವನ್ನು ಕೆಳಮುಖವಾಗಿ ಹಾಕಿ ಗ್ರಾಫ್ ಎಳೆ. ಒಂದು ಡೆಸಿಬಾರ್ ಎಂದರೆ ಹೆಚ್ಚುಕಡಿಮೆ ಒಂದು ಮೀಟರ್ ಆಳ. ಮೇ ತಿಂಗಳಲ್ಲಿ ಮೇಲೆ ಸುಮಾರು 30 ಡಿಗ್ರಿ ಇರುವ ತಾಪ 2000 ಮೀಟರ್ ತಲುಪುವಷ್ಟರಲ್ಲಿ 3 ಡಿಗ್ರಿಯ ಹತ್ತಿರ ಇಳಿದಿರುತ್ತದೆ. ಆಮೇಲೆ ಎರಡೂ ತಿಂಗಳ ಉಪ್ಪಿನ ಗೆರೆಗಳನ್ನು ಒಂದರ ಮೇಲೊಂದು ಎಳೆದು, ಮೇಲಿನ 50 ಮೀಟರಿನಲ್ಲಿ ಏನಾಗಿದೆ ನೋಡು. ಗ್ರಾಫನ್ನು ಮನೆಯವರಿಗೆ ತೋರಿಸು, ನನಗೂ ಒಂದು ಪ್ರತಿ ಕಳಿಸು.