ಕೆಂಪಕ್ಕಿ ಬೇರೆ, ಕೆಂಪೇರಿದ ಅಕ್ಕಿ ಬೇರೆ

ಕಳೆದ ಮಳೆಗಾಲದಲ್ಲಿ ನಾವು ಕುಂದಾಪುರದ ಬಂಧುಗಳ ಮನೆಯಲ್ಲಿ ನಾಲ್ಕು ದಿನ ತಂಗಿದ್ದೆವು. ಕುಚ್ಚಲಕ್ಕಿ ಅನ್ನ, ಹಲಸಿನ ಬೀಜದ ಸಾರಿನ ಊಟ ಮುಗಿದ ಬಳಿಕ ಮನೆಯ ಹಿರಿಯರು ಒಂದು ಸೀಸೆಯನ್ನು ಮುಂದಿಟ್ಟರು. ಹೊರದೇಶದಲ್ಲಿರುವ ಮಗ ಕಳುಹಿಸಿದ್ದಂತೆ. “ನಮ್ಮ ಕೆಂಪಕ್ಕಿಯದೇ ಔಷಧಿ, ರಕ್ತದ ಕೊಬ್ಬನ್ನು ಇಳಿಸುತ್ತದಂತೆ. ಅಕ್ಕಿ ತಾನೇ, ಏನು ಮಾಡೀತು?” ಎಂದರು. ವೈದ್ಯರು ಕೊಟ್ಟ ಕೊಲೆಸ್ಟರಾಲ್ ಗುಳಿಗೆಯನ್ನೂ ಅವರು ತಪ್ಪದೆ ನುಂಗುತ್ತಿದ್ದರು. ಕೆಲವು ವಾರಗಳಿಂದ ತೊಡೆ, ಮೀನಖಂಡಗಳಲ್ಲಿ ನೋವು. ಮಳೆಯ ಥಂಡಿಯೆಂದು ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಈ ಲೇಖನಕ್ಕೆ ಅವರ ಆ ಮಾತೇ ಕಾರಣ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಜನರಿಗೆ ಕೆಂಪಕ್ಕಿ ಹೊಸತಲ್ಲ. ಕರಾವಳಿಯ ಗದ್ದೆಗಳಲ್ಲಿ ಎಂ.ಒ. 4 ತಳಿ ಬಹುಕಾಲದಿಂದ ನೆಲೆಯೂರಿದೆ. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರವು ‘ಸಹ್ಯಾದ್ರಿ ಕೆಂಪುಮುಕ್ತಿ’ ಎಂಬ ಕೆಂಪು ತಳಿಯನ್ನು ನೀಡಿದೆ. ಈ ಅಕ್ಕಿಯ ಕೆಂಪು ಕಾಳಿನ ಹೊರಪದರದಲ್ಲಿ ಹುಟ್ಟಿನಿಂದಲೇ ಬಂದದ್ದು. ಹೆಚ್ಚು ಪಾಲಿಶ್ ಮಾಡಿದರೆ ತೌಡಿನೊಡನೆ ಬಣ್ಣವೂ ಹೊರಟುಹೋಗುತ್ತದೆ.

ಸೀಸೆಯಲ್ಲಿದ್ದುದು ಇದಲ್ಲ. ಅದು ಬಿಳಿ ಅಕ್ಕಿಯನ್ನು ‘ಮೊನಾಸ್ಕಸ್’ ಎಂಬ ಶಿಲೀಂಧ್ರದಿಂದ ಹುದುಗಿಸಿ ಕೆಂಪಾಗಿಸಿದ ಪದಾರ್ಥ. ಚೀನಾದಲ್ಲಿ ಇದು ಶತಮಾನಗಳಿಂದ ಅಡುಗೆಯ ಬಣ್ಣವೂ ಔಷಧಿಯೂ ಆಗಿದೆ. 1895ರಲ್ಲಿ ವೆಂಟ್ ಎಂಬ ವಿಜ್ಞಾನಿ ಜಾವಾ ದ್ವೀಪದ ಕೆಂಪಕ್ಕಿಯಿಂದ ಈ ಶಿಲೀಂಧ್ರವನ್ನು ಬೇರ್ಪಡಿಸಿ ‘ಮೊನಾಸ್ಕಸ್ ಪರ್ಪ್ಯೂರಿಯಸ್’ ಎಂದು ಹೆಸರಿಟ್ಟನು.

ತಯಾರಿಸುವ ಕ್ರಮ ಹೀಗಿದೆ: ಅಕ್ಕಿಯನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಆರಿಸಿ, ಶುದ್ಧ ಶಿಲೀಂಧ್ರದ ಬೀಜಕಣಗಳನ್ನು ಬೆರೆಸುತ್ತಾರೆ. ಸುಮಾರು 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ತೇವ ಆರದಂತೆ, ಆಗಾಗ ಮಗುಚುತ್ತ ಒಂದೆರಡು ವಾರ ಇಟ್ಟರೆ ಕಾಳು ಒಳಗಿನವರೆಗೂ ಕಡುಗೆಂಪಾಗುತ್ತದೆ. ಬಳಿಕ ಒಣಗಿಸಿ ಪುಡಿಮಾಡುತ್ತಾರೆ. ಶಿಲೀಂಧ್ರವು ಮೊದಲು ಹಳದಿ, ಕಿತ್ತಳೆ ವರ್ಣದ್ರವ್ಯಗಳನ್ನು ಮಾಡುತ್ತದೆ. ಕಿತ್ತಳೆಯು ಅಮೈನೋ ಆಮ್ಲಗಳೊಡನೆ ಕೂಡಿ ಕೆಂಪಾಗುತ್ತದೆ.

ನಮ್ಮ ನಾಡಿನ ವಿಜ್ಞಾನಿಗಳೂ ಇದರಲ್ಲಿ ದುಡಿದಿದ್ದಾರೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಈ ಅಕ್ಕಿಯ ಗುಣ ಮತ್ತು ಸುರಕ್ಷತೆಯ ಬಗ್ಗೆ ಪ್ರಯೋಗಗಳು ನಡೆದಿವೆ. ತಿರುವನಂತಪುರದ ಸಂಶೋಧಕರು 2006ರ ಹೊತ್ತಿಗೆ ಹಲಸಿನ ಬೀಜದ ಪುಡಿಯ ಮೇಲೆಯೇ ಈ ಶಿಲೀಂಧ್ರವನ್ನು ಬೆಳೆಸಿ ಬಣ್ಣ ಪಡೆದರು. ಮಳೆಗಾಲದಲ್ಲಿ ಹಿತ್ತಲಲ್ಲಿ ಕೊಳೆತು ಹೋಗುವ ಬೀಜಕ್ಕೆ ಇಂಥ ಬೆಲೆ ಇದೆಯೆಂಬುದು ನಮ್ಮ ಕರಾವಳಿಯವರು ಗಮನಿಸಬೇಕಾದ ಸಂಗತಿ.

ಬಣ್ಣದ ಹಂಬಲ ಏಕೆ? 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರವು ಬೊಂಬಾಯಿ ಮಿಠಾಯಿ ಹಾಗೂ ಗೋಬಿ ಮಂಚೂರಿಗಳಲ್ಲಿ ಕೃತಕ ಬಣ್ಣವನ್ನು ನಿಷೇಧಿಸಿತು. ಕೋಟೇಶ್ವರದ ಕೊಡಿ ಹಬ್ಬದಂತಹ ಜಾತ್ರೆಗಳಲ್ಲಿ ಮಕ್ಕಳ ಕೈಗೆ ಸಿಗುವ ತಿನಿಸುಗಳೇ ಇವು. ಕೆಲವು ಕೆಂಪು ಮಿಠಾಯಿಗಳ ಬಣ್ಣ ಕೊಚಿನೀಲ್ ಎಂಬ ಕೀಟದಿಂದ ಬರುತ್ತದೆ. ಸಸ್ಯಾಹಾರಿಗಳಾದ ನಮ್ಮ ಮನೆಗಳಿಗೆ ಅದು ಒಗ್ಗದು. ಆದ್ದರಿಂದ ಶಿಲೀಂಧ್ರದ ಬಣ್ಣ ಆಕರ್ಷಕವಾಗಿ ಕಾಣುತ್ತದೆ. ಚೀನಾ, ಜಪಾನುಗಳಲ್ಲಿ ಅದಕ್ಕೆ ಮನ್ನಣೆಯಿದೆ. ಅಮೆರಿಕ, ಯುರೋಪುಗಳು ಆಹಾರದ ಬಣ್ಣವಾಗಿ ಅದನ್ನು ಒಪ್ಪಿಲ್ಲ.

ಇನ್ನು ಔಷಧಿಯ ಮಾತು. ಜಪಾನಿನ ಅಕಿರಾ ಎಂಡೋ ಕೊಲೆಸ್ಟರಾಲ್ ತಗ್ಗಿಸುವ ವಸ್ತುವಿಗಾಗಿ ಸುಮಾರು 6,000 ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿದರು. ಮೊದಲ ಯಶಸ್ಸು ದೊರೆತದ್ದು ಕ್ಯೋಟೋ ನಗರದ ಧಾನ್ಯದಂಗಡಿಯ ಅಕ್ಕಿಯಲ್ಲಿ ಬೆಳೆದ ಬೂಷ್ಟಿನಿಂದ. 1979ರಲ್ಲಿ ಅವರು ಮೊನಾಸ್ಕಸ್‌ನಿಂದ ‘ಮೊನಾಕೊಲಿನ್ ಕೆ’ ಎಂಬ ವಸ್ತುವನ್ನು ಕಂಡುಹಿಡಿದರು. ಇದೂ 1987ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಮಾನ್ಯವಾದ ಲೋವಾಸ್ಟಾಟಿನ್ನೂ ಒಂದೇ! ಅಂದರೆ ನಮ್ಮ ಹಿರಿಯರು ತಿಳಿಯದೆಯೇ ಒಂದೇ ಬಗೆಯ ಔಷಧಿಯನ್ನು ಎರಡು ಹೆಸರಿನಲ್ಲಿ ಸೇವಿಸುತ್ತಿದ್ದರು. ಇಂಥ ಔಷಧಿ ಮಿತಿಮೀರಿದರೆ ಸ್ನಾಯುಗಳಿಗೆ ತೊಂದರೆಯಾಗುತ್ತದೆ.

ಇನ್ನೊಂದು ಅಪಾಯವಿದೆ. ಕೆಲವು ಮೊನಾಸ್ಕಸ್ ತಳಿಗಳು ‘ಸಿಟ್ರಿನಿನ್’ ಎಂಬ, ಮೂತ್ರಪಿಂಡಕ್ಕೆ ಕೇಡು ಮಾಡುವ ವಿಷವನ್ನೂ ಉತ್ಪಾದಿಸುತ್ತವೆಂದು 1995ರಲ್ಲಿ ತಿಳಿದುಬಂದಿತು. ಯುರೋಪು 2022ರಲ್ಲಿ ದಿನದ ಸೇವನೆಯಲ್ಲಿ ಮೊನಾಕೊಲಿನ್ 3 ಮಿಲಿಗ್ರಾಂಗಿಂತ ಕಡಿಮೆಯಿರಬೇಕೆಂದು ವಿಧಿಸಿತು. 2024ರಲ್ಲಿ ಜಪಾನಿನಲ್ಲಿ ಇಂಥ ಅಕ್ಕಿಯ ಮಾತ್ರೆ ಸೇವಿಸಿದ ನೂರಾರು ಜನ ಆಸ್ಪತ್ರೆ ಸೇರಿದರು. ತಯಾರಿಕೆಯ ವೇಳೆ ಬೇರೊಂದು ಬೂಷ್ಟು ಸೇರಿ ವಿಷವುಂಟಾಗಿತ್ತು. ನುರಿತ ಕಾರ್ಖಾನೆಯಲ್ಲೇ ಹೀಗಾದರೆ ಮನೆಯ ಅಡುಗೆಕೋಣೆಯಲ್ಲಿ ಇದನ್ನು ಪ್ರಯೋಗಿಸುವುದು ಸಲ್ಲದು.

ಹಾಗೆಂದು ಹುದುಗು ಎಂದರೆ ಅಂಜಬೇಕಿಲ್ಲ. ಇಡ್ಲಿ, ಕೊಟ್ಟೆ ಕಡುಬುಗಳ ಹಿಟ್ಟನ್ನು ಹುಳಿಯೇರಿಸುವುದು ಹಿತಕರ ಬ್ಯಾಕ್ಟೀರಿಯಾ ಮತ್ತು ಯೀಸ್ಟುಗಳು. ಆ ಹಿಟ್ಟು ಒಂದು ರಾತ್ರಿಯಲ್ಲೇ ಹದವಾಗಿ ಹಬೆಯಲ್ಲಿ ಬೇಯುತ್ತದೆ. ಆದರೆ ಮಳೆಗಾಲದಲ್ಲಿ ಮುಗ್ಗಲು ಹಿಡಿದ ಅಕ್ಕಿಯಲ್ಲಿ ಬಣ್ಣದ ಬೂಷ್ಟು ಕಂಡರೆ ತೊಳೆದು ಬಳಸಬಾರದು. ವಿಷವು ತೊಳೆದರೂ ಬೇಯಿಸಿದರೂ ಪೂರ್ತಿ ಹೋಗದು.

ಹಿರಿಯರು ಮರುದಿನವೇ ಸೀಸೆಯೊಡನೆ ವೈದ್ಯರ ಬಳಿಗೆ ಹೋದರು. ವೈದ್ಯರು ರಕ್ತಪರೀಕ್ಷೆ ಮಾಡಿಸಿ, ಸೀಸೆಯ ಔಷಧಿಯನ್ನು ನಿಲ್ಲಿಸಿದರು. ತಿಂಗಳೊಳಗೆ ನೋವು ತಗ್ಗಿತೆಂದು ಪತ್ರ ಬಂದಿತು. ಓದುಗ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ: ದೂರದ ಮಕ್ಕಳು ಪ್ರೀತಿಯಿಂದ ಕಳುಹಿಸಿದ್ದಾದರೂ, ‘ನೈಸರ್ಗಿಕ’ ಎಂದು ಬರೆದಿದ್ದರೂ, ವೈದ್ಯರಿಗೆ ತೋರಿಸದೆ ನುಂಗಬೇಡಿ. ತಟ್ಟೆಯಲ್ಲಿನ ಕೆಂಪಕ್ಕಿ ಅನ್ನವನ್ನಂತೂ ನಿಶ್ಚಿಂತೆಯಿಂದ ಉಣ್ಣಿರಿ.