ಕೊಬ್ಬರಿಯ ಬೆಲೆ, ಸಭೆಯ ತಕ್ಕಡಿ

ಲೋಕಸಭೆಯಲ್ಲಾಗಲಿ ವಿಧಾನಸಭೆಯಲ್ಲಾಗಲಿ ಬೆಲೆಯ ಮಾತು ಬಂದೊಡನೆ ಸದಸ್ಯರು ಆಶ್ರಯಿಸುವುದು ಹೋಲಿಕೆಯನ್ನು. ಹಿಂದೆ ಎಷ್ಟಿತ್ತು, ಈಗ ಎಷ್ಟಾಯಿತು ಎನ್ನುವರು ಒಬ್ಬರು. ನೆರೆಯ ರಾಜ್ಯದಲ್ಲಿ ಹೇಗಿದೆ ನೋಡಿ ಎನ್ನುವರು ಇನ್ನೊಬ್ಬರು. ಹೋಲಿಕೆಯಿಲ್ಲದೆ ತೂಕವಿಲ್ಲ, ನಿಜ. ಆದರೆ ತಕ್ಕಡಿಯ ಎದುರು ತಟ್ಟೆಯಲ್ಲಿ ಯಾವ ತೂಕದ ಕಲ್ಲನ್ನು ಇಟ್ಟಿದ್ದಾರೆಂಬುದನ್ನು ಕೇಳುವವರಾದ ನಾವು ಗಮನಿಸಬೇಕು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಗೆ ಜೀವಾಳವಾದ ಕೊಬ್ಬರಿಯನ್ನೇ ತೆಗೆದುಕೊಳ್ಳಿ. ಉಂಡೆ ಕೊಬ್ಬರಿಗೆ ಕೇಂದ್ರ ಸರಕಾರ ಗೊತ್ತುಮಾಡಿದ ಬೆಂಬಲ ಬೆಲೆ 2014ರಲ್ಲಿ ಕ್ವಿಂಟಲಿಗೆ 5,500 ರೂಪಾಯಿ, 2025ರಲ್ಲಿ 12,100. ನೂರಕ್ಕೆ 120ರಷ್ಟು ಏರಿತೆಂಬ ಮಾತು ಸುಳ್ಳಲ್ಲ. ಆದರೆ ಅದೇ ಹನ್ನೊಂದು ವರ್ಷಗಳಲ್ಲಿ ಕೂಲಿ, ಗೊಬ್ಬರ, ಕೊಳವೆಬಾವಿಗಳ ಖರ್ಚು ಎಷ್ಟು ಏರಿತೆಂಬುದನ್ನು ಹೇಳದಿದ್ದರೆ ನಮಗೆ ಕಂಡದ್ದು ಒಂದೇ ತಟ್ಟೆ. 2023ರಲ್ಲಿ ಬೆಂಬಲ ಬೆಲೆ 11,750 ಇದ್ದರೂ ತಿಪಟೂರು ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿತ್ತು. 2025ರಲ್ಲಿ ಧಾರಣೆ ಬೆಂಬಲ ಬೆಲೆಯ ಎರಡು ಪಟ್ಟನ್ನೂ ಮೀರಿತು. ವಾದಿಸುವವರು ಯಾವ ವರ್ಷವನ್ನು ಆರಿಸಿಕೊಳ್ಳುವರೋ ಆ ಕಡೆಗೆ ತೀರ್ಮಾನ ವಾಲುತ್ತದೆ.

ಎರಡನೆಯದಾಗಿ, ಹೋಲಿಸುವ ವಸ್ತುಗಳು ಒಂದೇ ಬಗೆಯವೇ? ಎಣ್ಣೆ ಕೊಬ್ಬರಿಯನ್ನು ಕಾಯಿ ಒಡೆದು ಕೆಲವೇ ದಿನಗಳಲ್ಲಿ ಒಣಗಿಸುತ್ತಾರೆ. ಉಂಡೆ ಕೊಬ್ಬರಿಗಾದರೋ ಇಡೀ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂತು ಒಣಗಬೇಕು. 2025ರ ಬೆಂಬಲ ಬೆಲೆಯಲ್ಲಿ ಇವೆರಡರ ಅಂತರ 518 ರೂಪಾಯಿ. ಎಣ್ಣೆ ಕೊಬ್ಬರಿಯ ಬೆಲೆಯಾದ 11,582 ರೂಪಾಯಿಗೆ ವರ್ಷಕ್ಕೆ ನೂರಕ್ಕೆ 9ರಂತೆ ಬಡ್ಡಿ ಹಿಡಿದರೂ ಹತ್ತು ತಿಂಗಳಿಗೆ ಸುಮಾರು 869 ರೂಪಾಯಿಯಾಗುತ್ತದೆ. ಅಟ್ಟದಲ್ಲೇ ಕೆಟ್ಟುಹೋಗುವ ಕಾಯಿಗಳ ನಷ್ಟ ಬೇರೆ. ವಿದೇಶದ ತಾಳೆ ಎಣ್ಣೆಯೊಡನೆ ಮಾಡುವ ಹೋಲಿಕೆಯೂ ಎಣ್ಣೆ ಕೊಬ್ಬರಿಗೆ ಒಪ್ಪುವಷ್ಟು, ತಿನ್ನುವುದಕ್ಕೆಂದೇ ಮಾರುವ ಉಂಡೆ ಕೊಬ್ಬರಿಗೆ ಒಪ್ಪದು.

ಮೂರನೆಯದಾಗಿ, ಅದೇ ಹಣದಿಂದ ಬೇರೇನು ಮಾಡಬಹುದಿತ್ತು? ಧಾರಣೆ ಕುಸಿದಾಗ ರಾಜ್ಯ ಸರಕಾರ ಬೆಂಬಲ ಬೆಲೆಯ ಮೇಲೆ ಕ್ವಿಂಟಲಿಗೆ 1,500 ರೂಪಾಯಿ ಪ್ರೋತ್ಸಾಹಧನ ಘೋಷಿಸಿತು. ಆ ಲೆಕ್ಕದಲ್ಲಿ 2 ಕ್ವಿಂಟಲ್ ಕೊಟ್ಟವರಿಗೆ 3,000. 20 ಕ್ವಿಂಟಲ್ ಕೊಟ್ಟವರಿಗೆ 30,000. ಖರೀದಿ ಕೇಂದ್ರ ತೆರೆಯುವ ಮೊದಲೇ ಸಾಲದ ಒತ್ತಡಕ್ಕೆ ಮಾರಿಕೊಂಡವರಿಗೆ ಏನೂ ಇಲ್ಲ. ಇದರಿಂದ ಪ್ರೋತ್ಸಾಹಧನವೇ ತಪ್ಪೆಂದಾಗದು. ಕೆಟ್ಟ ವರ್ಷದಲ್ಲಿ ಅದು ಅನೇಕರಿಗೆ ಆಸರೆ. ಆದರೆ ಅದನ್ನು "ಏನೂ ಕೊಡದಿರುವುದರ" ಜೊತೆ ತೂಗಿದರೆ ಸಾಲದು. ಖರೀದಿಯನ್ನು ಬೇಗ ಆರಂಭಿಸುವುದು, ದಾಸ್ತಾನಿನ ಮೇಲೆ ಕಡಿಮೆ ಬಡ್ಡಿಗೆ ಸಾಲ ಕೊಡುವುದು, ಈ ದಾರಿಗಳ ಜೊತೆಯೂ ತೂಗಿ ನೋಡಬೇಕು.

ಆದ್ದರಿಂದ ಸಭೆಯ ವರದಿಯನ್ನು ಕೇಳುವಾಗ ಮೂರು ಪ್ರಶ್ನೆಗಳು ನಿಮ್ಮ ನೆನಪಿನಲ್ಲಿರಲಿ: ಯಾವ ವರ್ಷದೊಡನೆ? ಯಾವ ವಸ್ತುವಿನೊಡನೆ? ಯಾವ ಬೇರೆ ದಾರಿಯೊಡನೆ? ಇವಕ್ಕೆ ಉತ್ತರ ಕೊಡಬಲ್ಲ ಸದಸ್ಯರು ಯಾವ ಪಕ್ಷದವರೇ ಆಗಿರಲಿ, ಅವರ ಮಾತಿಗೆ ಕಿವಿಗೊಡಿ. ಉತ್ತರವಿಲ್ಲದ ಹೋಲಿಕೆ ಚಪ್ಪಾಳೆ ಗಿಟ್ಟಿಸೀತು. ಅಟ್ಟದ ಮೇಲಿನ ಕಾಯಿಗೆ ನ್ಯಾಯವಾದ ಬೆಲೆ ತಂದುಕೊಡದು.